ಫ್ಯಾಸಿಯಾ: ಮೈಯೊಳಗಿನ ಹೊದಿಕೆ

ಚಕ್ಕೋತ ಹಣ್ಣು ಸುಲಿದವರಿಗೆ ಫ್ಯಾಸಿಯಾ ಅರ್ಥವಾಗುವುದು ಸುಲಭ. ಸಿಪ್ಪೆಯ ಕೆಳಗೆ ಮೆತ್ತನೆಯ ಬಿಳಿ ಪದರ, ಒಳಗೆ ಪ್ರತಿ ತೊಳೆಯನ್ನೂ ಸುತ್ತಿದ ಪೊರೆ. ನಮ್ಮ ಮೈಯೊಳಗೂ ಕೊಲಾಜೆನ್ ಎಳೆಗಳಿಂದಾದ ಇಂಥವೇ ಹೊದಿಕೆಗಳಿವೆ.

ಮೊದಲನೆಯದು ಚರ್ಮದ ಕೆಳಗಿನ ಮೇಲ್ಪದರದ ಫ್ಯಾಸಿಯಾ. ಕೊಬ್ಬು ಸೇರುವುದು ಇಲ್ಲೇ. ಚರ್ಮ ಸ್ನಾಯುಗಳ ಮೇಲೆ ಸಲೀಸಾಗಿ ಜಾರುವುದೂ ಇದರಿಂದಲೇ. ಎರಡನೆಯದು ಆಳದ ಫ್ಯಾಸಿಯಾ. ಇದು ಗಟ್ಟಿ, ಸ್ನಾಯುಗಳನ್ನು ಗುಂಪುಗುಂಪಾಗಿ ಬಿಗಿದಿಡುತ್ತದೆ. ಮೂರನೆಯದು ಹೃದಯ, ಮೂತ್ರಪಿಂಡದಂಥ ಅಂಗಗಳನ್ನು ಸುತ್ತಿ ಅವುಗಳ ಜಾಗದಲ್ಲೇ ಹಿಡಿದಿಡುವ ಒಳಾಂಗಗಳ ಫ್ಯಾಸಿಯಾ.

ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನಮ್ಮಂಥವರು ಗಮನಿಸಬೇಕಾದ್ದು ಎರಡನೆಯದನ್ನು. ನಡೆಯುವಾಗ ಮೀನಖಂಡದ ಸ್ನಾಯು ಉಬ್ಬುತ್ತದೆ, ಸುತ್ತಲಿನ ಫ್ಯಾಸಿಯಾ ಅಷ್ಟಾಗಿ ಹಿಗ್ಗುವುದಿಲ್ಲ. ನಡುವಿನ ರಕ್ತನಾಳಗಳು ಒತ್ತಿದಂತಾಗಿ ರಕ್ತ ಹೃದಯದತ್ತ ಮೇಲೇರುತ್ತದೆ. ಕೂತೇ ಇದ್ದರೆ ಈ ಪಂಪು ನಿಂತಂತೆಯೇ. ಸಂಜೆ ಪಾದ ಊದಿಕೊಳ್ಳಲು ಇದೂ ಒಂದು ಕಾರಣ. ಗಂಟೆಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ಹಾಕಿ.

ಇದೇ ಬಿಗಿ ಕೆಲವೊಮ್ಮೆ ಅಪಾಯವೂ ಹೌದು. ಮೊಣಕಾಲ ಕೆಳಗೆ ಫ್ಯಾಸಿಯಾ ಕಟ್ಟಿದ 4 ಕೋಣೆಗಳಿವೆ. ಅಪಘಾತದಲ್ಲಿ ಮೂಳೆ ಮುರಿದು ಒಳಗೆ ಬಾವು ಬಂದರೆ ಒತ್ತಡ ಹೊರಹೋಗಲು ದಾರಿಯಿಲ್ಲ. ಸ್ನಾಯು, ನರಗಳಿಗೆ ರಕ್ತ ಸಿಗದಂತಾಗುತ್ತದೆ. ಇದೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಪ್ಲಾಸ್ಟರ್ ಹಾಕಿ ಮಾತ್ರೆ ನುಂಗಿದ ಮೇಲೂ ನೋವು ಏರುತ್ತಲೇ ಇದ್ದರೆ, ಕಾಲ್ಬೆರಳು ಎಳೆದರೆ ಜೀವ ಹೋದಂತಾದರೆ, ಬೆಳಗಾಗಲಿ ಎಂದು ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ. ವೈದ್ಯರು ಫ್ಯಾಸಿಯಾವನ್ನು ಸೀಳಿ ಒತ್ತಡ ಇಳಿಸುತ್ತಾರೆ. ಕೆಲವೇ ಗಂಟೆ ತಡವಾದರೂ ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು.