ಗೆದ್ದ ಹಾಡು, ಸೋತ ಹಾಡು

1997ನೆಯ ಇಸವಿಯ ಮೇ 3ರ ರಾತ್ರಿ. ಐರ್ಲೆಂಡಿನ ರಾಜಧಾನಿ ಡಬ್ಲಿನ್ ನಗರದಲ್ಲಿ ಯೂರೋವಿಷನ್ ಗಾನಸ್ಪರ್ಧೆ ನಡೆದಿತ್ತು. 25 ರಾಷ್ಟ್ರಗಳ ಗಾಯಕ ಗಾಯಕಿಯರು ಒಬ್ಬರಾದ ಮೇಲೊಬ್ಬರು ವೇದಿಕೆಗೆ ಬಂದು ತಂತಮ್ಮ ನಾಡಿನ ಪರವಾಗಿ ಹಾಡುತ್ತಿದ್ದರು. ರಷ್ಯದ ಸರದಿ ಬಂದಿತು. ವೇದಿಕೆಯನ್ನೇರಿದವಳು ಹೆಸರು ಗಳಿಸಲೆಂದು ಹೊರಟ ಎಳೆಯ ಹುಡುಗಿಯಲ್ಲ. 48 ವರ್ಷದ ಪ್ರೌಢ ಮಹಿಳೆ, ಅಲ್ಲಾ ಪುಗಚೋವಾ. ಬಾಲ್ಟಿಕ್ ತೀರದಿಂದ ಪೆಸಿಫಿಕ್ ತೀರದವರೆಗೆ ಹಬ್ಬಿದ ಆ ವಿಶಾಲ ದೇಶದಲ್ಲಿ ಆಕೆಯ ಕಂಠವನ್ನು ಕೇಳದ ಮನೆಯನ್ನು ಹುಡುಕಬೇಕಾಗಿತ್ತು. ಆದರೆ ಆ ರಾತ್ರಿ ಅಂಕಗಳನ್ನು ಎಣಿಸಿದಾಗ ಗೆದ್ದ ಬ್ರಿಟನ್ನಿಗೆ 227 ಅಂಕಗಳು ದೊರೆತಿದ್ದವು, ಪುಗಚೋವಾಳಿಗೆ 33. ಆಕೆಯ ಸ್ಥಾನ ಹದಿನೈದನೆಯದು.

ಇಷ್ಟು ಕೀರ್ತಿ ಪಡೆದವಳು ಈ ಅಳತೆಗೋಲಿನ ಮುಂದೆ ಹೋಗಿ ನಿಲ್ಲಬೇಕಾಗಿತ್ತೆ? ಉತ್ತರಕ್ಕಾಗಿ ಆಕೆಯ ಬಾಳಿನ ಹಿಂದಿನ ಪುಟಗಳನ್ನು ತಿರುವಬೇಕು. ಆಕೆಯ ಕೀರ್ತಿಯೇ ಸ್ಪರ್ಧೆಯೊಂದರಿಂದ ಹುಟ್ಟಿದ್ದು. ಅದೂ ಪರನಾಡಿನ ಸ್ಪರ್ಧೆಯಿಂದ.

ಅಲ್ಲಾ ಪುಗಚೋವಾ ಹುಟ್ಟಿದ್ದು 1949ರಲ್ಲಿ, ಮಾಸ್ಕೋ ನಗರದಲ್ಲಿ. ಬಾಲ್ಯದಲ್ಲಿಯೇ ಪಿಯಾನೊ ಕಲಿತಳು. ಮುಂದೆ ಸಂಗೀತ ವಿದ್ಯಾಶಾಲೆಯಲ್ಲಿ ವೃಂದಗಾನ ನಿರ್ದೇಶನದ ಶಿಕ್ಷಣ ಪಡೆದಳು. 1965ರಲ್ಲಿ, ಇನ್ನೂ ಹದಿನಾರರ ಹರೆಯದಲ್ಲಿ, ಆಕೆಯ ಮೊದಲ ಹಾಡು ಬಾನುಲಿಯಲ್ಲಿ ಪ್ರಸಾರವಾಯಿತು. ಆದರೆ ಹೆಸರು ಸುಲಭವಾಗಿ ಬರಲಿಲ್ಲ. ಬಾನುಲಿಯ ಯುವಕಲಾವಿದರ ತಂಡದೊಡನೆ ಹಿಮಾವೃತವಾದ ಉತ್ತರದ ಸೀಮೆಗಳಲ್ಲಿ ತಿರುಗಿ ಶ್ರಮಜೀವಿಗಳ ಮುಂದೆ ಹಾಡಿದಳು. ಸರ್ಕಸ್ ವಿದ್ಯಾಶಾಲೆಯ ವಿದ್ಯಾರ್ಥಿಗಳಿಗೆ ಪಿಯಾನೊ ನುಡಿಸಿದಳು. ಒಂದು ವಾದ್ಯವೃಂದದಿಂದ ಮತ್ತೊಂದಕ್ಕೆ ಅಲೆಯುತ್ತಲೇ ವರ್ಷಗಳು ಉರುಳಿದವು.

1974ರಲ್ಲಿ ಸೋವಿಯತ್ ಒಕ್ಕೂಟದ ಮನೋರಂಜನ ಕಲಾವಿದರ ಸ್ಪರ್ಧೆಯಲ್ಲಿ ಪುಗಚೋವಾಳಿಗೆ ದೊರೆತದ್ದು ಮೂರನೆಯ ಬಹುಮಾನ. ಅಂದಿನ ಸೋವಿಯತ್ ವೇದಿಕೆಯ ರೀತಿಯೇ ಬೇರೆ. ಗಾಯಕರು ಗಂಭೀರವಾಗಿ ನಿಂತು ಹಾಡಬೇಕು, ಹಾವಭಾವಗಳು ಮಿತಿಮೀರಬಾರದು. ಈಕೆಯಾದರೋ ಕಂಠದಿಂದ ಮಾತ್ರವಲ್ಲ, ಕೈ, ಕಣ್ಣು, ಕೆದರಿದ ಕೆಂಗೂದಲುಗಳಿಂದಲೂ ಹಾಡುವವಳು. ಅಂತಹವಳನ್ನು ಹೇಗೆ ಒಪ್ಪಬೇಕೆಂಬುದು ಹಿರಿಯರಿಗೆ ಸುಲಭವಾಗಿ ತಿಳಿಯುವಂತಿರಲಿಲ್ಲ.

ಮರುವರ್ಷ, 1975ರಲ್ಲಿ, ಭಾಗ್ಯ ತಿರುಗಿತು. ಬಲ್ಗೇರಿಯದ ಕಪ್ಪುಸಮುದ್ರದ ದಡದಲ್ಲಿ ನಡೆಯುತ್ತಿದ್ದ ‘ಸುವರ್ಣ ಆರ್ಫಿಯಸ್’ ಗಾನಸ್ಪರ್ಧೆಗೆ ಆಕೆಯನ್ನು ಕಳುಹಿಸಲಾಯಿತು. ಗಾಯನದಿಂದ ಕಲ್ಲುಮರಗಳನ್ನೂ ಕರಗಿಸಿದನೆಂದು ಗ್ರೀಕರ ಪುರಾಣ ಹೇಳುವ ಗಾಯಕನೇ ಈ ಆರ್ಫಿಯಸ್. ಸ್ಪರ್ಧಿಗಳು ಬಲ್ಗೇರಿಯದ ಸಂಗೀತಗಾರನೊಬ್ಬನ ರಚನೆಯನ್ನೂ ಹಾಡಬೇಕೆಂಬುದು ಅಲ್ಲಿಯ ನಿಯಮ. ಪುಗಚೋವಾ ಎಮಿಲ್ ದಿಮಿತ್ರೋವನ ‘ಅರ್ಲೆಕಿನೊ’ ಎಂಬ ಹಾಡನ್ನು ಆರಿಸಿಕೊಂಡಳು. ಅದಕ್ಕೆ ರಷ್ಯನ್ ಭಾಷೆಯಲ್ಲಿ ಹೊಸ ಮಾತುಗಳು ಬಂದವು. ಆಕೆಯ ವಾದ್ಯವೃಂದದ ನಾಯಕ ಪಾವೆಲ್ ಸ್ಲೊಬೊದ್ಕಿನ್ ವಾದ್ಯಸಂಯೋಜನೆಯನ್ನು ಹೊಸದಾಗಿ ಮಾಡಿಕೊಟ್ಟ.

ಅರ್ಲೆಕಿನೊ ಎಂದರೆ ವಿದೂಷಕ. ಜನರನ್ನು ನಗಿಸುವುದೇ ಅವನ ಕಸುಬು. ಅವನ ಎದೆಯೊಳಗಿನ ಅಳಲು ಮಾತ್ರ ಯಾರಿಗೂ ಬೇಡ. ಪುಗಚೋವಾ ಈ ಹಾಡನ್ನು ಹಾಡಲಿಲ್ಲ, ಆಡಿದಳು ಎನ್ನಬೇಕು. ಸೂತ್ರದ ಬೊಂಬೆಯಂತೆ ಕೈಗಳನ್ನು ಕುಣಿಸಿದಳು. ಸಾಲುಗಳ ನಡುವೆ ಗಹಗಹಿಸಿ ನಕ್ಕಳು. ಆ ನಗೆಯ ಕೊನೆಯಲ್ಲಿ ಅಳುವಿನ ಎಳೆಯೊಂದು ಕೇಳಿಸುತ್ತಿತ್ತು. ಸರ್ಕಸ್ಸಿನವರ ನಡುವೆ ಪಿಯಾನೊ ನುಡಿಸಿದ ದಿನಗಳು ವ್ಯರ್ಥವಾಗಿರಲಿಲ್ಲವೆಂದು ತೋರುತ್ತದೆ. ಸ್ಪರ್ಧೆಯ ಅತ್ಯುಚ್ಚ ಬಹುಮಾನ ಆಕೆಗೆ ಸಂದಿತು. ತನ್ನ ನಾಡಿನಲ್ಲಿ ಮೂರನೆಯವಳೆನಿಸಿದ್ದವಳು ಪರನಾಡಿನಲ್ಲಿ ಮೊದಲನೆಯವಳಾಗಿ ಹಿಂದಿರುಗಿದಳು. ಸ್ವದೇಶವೂ ಈಗ ಆಕೆಯನ್ನು ಹೊಸ ಕಣ್ಣುಗಳಿಂದ ನೋಡಿತು.

ಮೂರು ವರ್ಷಗಳ ಬಳಿಕ, 1978ರಲ್ಲಿ, ಪೋಲೆಂಡಿನ ಸೋಪೋಟ್ ಪಟ್ಟಣದಲ್ಲಿ ಎರಡನೆಯ ದೊಡ್ಡ ಗೆಲುವು ದೊರೆಯಿತು. ಆ ಕಾಲದಲ್ಲಿ ಯುರೋಪು ಎರಡು ಪಾಲಾಗಿತ್ತು. ಹಾಡುಗಳ ಸ್ಪರ್ಧೆಯೂ ಎರಡು ಪಾಲಾಗಿತ್ತು. ಪಶ್ಚಿಮದವರಿಗೆ 1956ರಲ್ಲಿ ಆರಂಭವಾದ ಯೂರೋವಿಷನ್; ಪೂರ್ವದ ಸಮಾಜವಾದೀ ರಾಷ್ಟ್ರಗಳಿಗೆ ಇಂಟರ್‌ವಿಷನ್. ಸೋಪೋಟಿನ ವನಮಧ್ಯದ ಬಯಲು ರಂಗಮಂದಿರದಲ್ಲಿ ಪುಗಚೋವಾ ಹಾಡಿದ್ದು ‘ಅರಸರಿಂದ ಎಲ್ಲವೂ ಸಾಧ್ಯ’ ಎಂಬ ಹಾಡು. ಹೆಸರು ಹಾಗಿದ್ದರೂ ಅದರ ತಿರುಳು ಬೇರೆ: ಅರಸನಾದವನು ಏನನ್ನಾದರೂ ಮಾಡಬಲ್ಲ, ಆದರೆ ತಾನು ಒಲಿದವಳ ಕೈಹಿಡಿಯಲಾರ! ನಗುನಗುತ್ತಲೇ ಪ್ರಭುತ್ವದ ಮಿತಿಯನ್ನು ತೋರಿಸಿಕೊಟ್ಟ ಈ ಹಾಡಿಗೆ ಅಲ್ಲಿಯ ಪರಮೋಚ್ಚ ಬಹುಮಾನ ದೊರೆಯಿತು.

ಆದರೆ ಆಕೆಯ ಹಾಡುಗಳಲ್ಲಿ ಅತ್ಯಂತ ದೂರ ಸಂಚರಿಸಿದ ಒಂದು ಹಾಡು ಇಂತಹ ಅಂತರರಾಷ್ಟ್ರೀಯ ಬಹುಮಾನವನ್ನು ಅರಸಿ ಹೊರಟದ್ದಲ್ಲ. 1980ರ ದಶಕದ ಮೊದಲಲ್ಲಿ ಬಂದ ‘ಹತ್ತು ಲಕ್ಷ ಕೆಂಗುಲಾಬಿಗಳು’ ಎಂಬ ಆ ಹಾಡಿಗೆ ರಾಗ ಲಾಟ್ವಿಯದ ರೈಮಂಡ್ಸ್ ಪೌಲ್ಸನದು. ಮಾತು ಕವಿ ಅಂದ್ರೇಯ್ ವೋಜ್ನೆಸೆನ್‌ಸ್ಕಿಯದು. ನಟಿಯೊಬ್ಬಳಿಗಾಗಿ ತನ್ನ ಸರ್ವಸ್ವವನ್ನೂ ಮಾರಿ ಹೂವು ತಂದ ಬಡ ಚಿತ್ರಕಾರನ ಕಥೆ ಅದು. ಜಪಾನಿನವರು ಅದನ್ನು ತಮ್ಮ ಭಾಷೆಗೆ ತಂದುಕೊಂಡು ತಮ್ಮದೇ ಹಾಡಿನಂತೆ ಹಾಡಿದರು.

1991ರ ಡಿಸೆಂಬರಿನಲ್ಲಿ ಪುಗಚೋವಾಳಿಗೆ ‘ಸೋವಿಯತ್ ಒಕ್ಕೂಟದ ಜನತಾ ಕಲಾವಿದೆ’ ಎಂಬ ಬಿರುದು ದೊರೆಯಿತು. ಕೆಲವೇ ದಿನಗಳಲ್ಲಿ ಒಕ್ಕೂಟವೇ ಉಳಿಯಲಿಲ್ಲ! ಎರಡು ಪಾಲಾಗಿದ್ದ ಯುರೋಪಿನ ನಡುವಣ ಗೋಡೆಗಳು ಬಿದ್ದವು. 1994ರಲ್ಲಿ ರಷ್ಯವೂ ಯೂರೋವಿಷನ್ ಸ್ಪರ್ಧೆಗೆ ಸೇರಿತು. 1997ರಲ್ಲಿ ಡಬ್ಲಿನ್ನಿಗೆ ಹೋಗಬೇಕಾಗಿದ್ದ ಗಾಯಕ ವಲೇರಿ ಮೆಲಾಡ್ಜೆ ಅಸ್ವಸ್ಥನಾದ. ‘ಪ್ರಿಮಡೋನಾ’ ಎಂಬ ಹಾಡಿನ ಮಾತು, ರಾಗ ಎರಡನ್ನೂ ರಚಿಸಿದ್ದವಳು ಪುಗಚೋವಾ. ಹಾಡುವವನಿಲ್ಲವೆಂದ ಮೇಲೆ ತಾನೇ ಹೊರಟಳು. ಗೆದ್ದರೆ ಹೊಸದಾಗಿ ಬರುವಂತಹುದು ಹೆಚ್ಚೇನೂ ಇರಲಿಲ್ಲ. ಸೋತರೆ ಕಳೆದುಕೊಳ್ಳುವಂತಹುದು ಬಹಳವಿತ್ತು. ಆದರೂ ಹೋದಳು. ಫಲಿತಾಂಶವನ್ನು ವಾಚಕರು ಮೊದಲೇ ಬಲ್ಲರು.

ಆಕೆ ಕಳೆದುಕೊಂಡದ್ದೇನು? ಏನೂ ಇಲ್ಲ. ಪ್ರಿಮಡೋನಾ ಎಂದರೆ ಗೀತನಾಟಕದ ಪ್ರಧಾನ ಗಾಯಕಿ. ಸೋತ ಹಾಡಿನ ಆ ಹೆಸರೇ ರಷ್ಯದ ಜನರ ನಾಲಗೆಯ ಮೇಲೆ ಆಕೆಯ ಹೆಸರಾಗಿ ನಿಂತಿತು. ಯೂರೋವಿಷನ್‌ನಲ್ಲಿ ರಷ್ಯಕ್ಕೆ ಮೊದಲ ಸ್ಥಾನವನ್ನು ತಂದವನು ದೀಮಾ ಬಿಲಾನ್ ಎಂಬ ತರುಣ, 2008ರಲ್ಲಿ. ಅವನೂ 2006ರಲ್ಲಿ ಎರಡನೆಯವನಾಗಿ ಮರಳಿ ಮತ್ತೊಮ್ಮೆ ಹೋಗಿ ಗೆದ್ದವನು.

2022ರಲ್ಲಿ ರಷ್ಯ ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಯೂರೋವಿಷನ್ ಸ್ಪರ್ಧೆಯ ಬಾಗಿಲು ಆ ದೇಶದ ಗಾಯಕರಿಗೆ ಮುಚ್ಚಿತು. ಯುದ್ಧವನ್ನು ಖಂಡಿಸಿದ ಪುಗಚೋವಾಳ ಪತಿ, ಹಾಸ್ಯಕಲಾವಿದ ಮಕ್ಸೀಮ್ ಗಾಲ್ಕಿನ್‌ನನ್ನು ಸರ್ಕಾರ ‘ವಿದೇಶೀ ಏಜೆಂಟ್’ ಎಂದು ಸಾರಿತು. ಆ ಸೆಪ್ಟೆಂಬರಿನಲ್ಲಿ 73 ವರ್ಷದ ಗಾಯಕಿ ಬಹಿರಂಗವಾಗಿ ನುಡಿದಳು: ತನ್ನ ಪತಿ ಪ್ರಾಮಾಣಿಕ ದೇಶಭಕ್ತ, ಆ ಪಟ್ಟಿಗೆ ತನ್ನ ಹೆಸರನ್ನೂ ಸೇರಿಸಬೇಕು, ನಾಡಿನ ಹುಡುಗರು ಭ್ರಮೆಯ ಗುರಿಗಳಿಗಾಗಿ ಸಾಯುವುದು ನಿಲ್ಲಬೇಕು. ಆಕೆ ದೇಶವನ್ನು ಬಿಟ್ಟು ಹೊರಟಳು.

ಈ ಮಾತಿಗೆ ಅಂಕ ಕೊಡುವ ತೀರ್ಪುಗಾರರಿರಲಿಲ್ಲ. ಮೂರು, ಒಂದು, ಹದಿನೈದು: ಈ ಸಂಖ್ಯೆಗಳು ಒಂದೊಂದು ರಾತ್ರಿಯ ಲೆಕ್ಕಗಳು, ಅಷ್ಟೆ. ಮೂರನೆಯವಳೆಂದಾಗ ಎದೆಗುಂದದೆ, ಮೊದಲನೆಯವಳೆಂದಾಗ ಮೈಮರೆಯದೆ, ಸೋಲಬಹುದೆಂದು ತಿಳಿದೂ ವೇದಿಕೆಯನ್ನೇರುವ ಧೈರ್ಯವೊಂದಿದೆ. ಪುಗಚೋವಾಳ ಬಾಳಿನಲ್ಲಿ ಅದು ಹಾಡಿನೊಡನೆ ಮುಗಿಯಲಿಲ್ಲ. ಅರಸರಿಂದ ಎಲ್ಲವೂ ಸಾಧ್ಯವಲ್ಲವೆಂದು 1978ರಲ್ಲಿ ನಗುತ್ತ ಹಾಡಿದವಳು, 44 ವರ್ಷಗಳ ಮೇಲೆ ಅದನ್ನೇ ನಗದೆ ಹೇಳಿದಳು.