ಶರತ್ಕಾಲದ ತೋಟದ ಮನೆ ಮತ್ತು ಕಾಣದ ವಿಷಗಾಳಿ

ಆಶ್ವಯುಜ, ಕಾರ್ತಿಕ ಮಾಸಗಳು ಸೇರಿದ ಶರದೃತು ಮಲೆನಾಡಿನಲ್ಲಿ ಬಲು ಹಿತವಾದ ಕಾಲ. ಮಳೆ ಹಿಂದೆ ಸರಿದಿರುತ್ತದೆ. ಗದ್ದೆಗಳಲ್ಲಿ ಭತ್ತ ತೆನೆಗಟ್ಟಿರುತ್ತದೆ. ಹಗಲು ತಿಳಿಬಿಸಿಲು, ಇರುಳು ಮಂಜು. ಮಳೆಗಾಲದಲ್ಲಿ ಸಂಚಯಗೊಂಡ ಪಿತ್ತವು ಶರತ್ಕಾಲದ ಬಿಸಿಲಿಗೆ ಪ್ರಕೋಪಗೊಳ್ಳುತ್ತದೆಂದು ಆಯುರ್ವೇದ ಹೇಳುತ್ತದೆ. ಆದ್ದರಿಂದ ಈ ಋತುವಿನಲ್ಲಿ ಸಿಹಿ, ಕಹಿ, ಒಗರು ರಸಗಳ ಲಘು ಆಹಾರವೂ ಮುಸ್ಸಂಜೆಯ ಬೆಳದಿಂಗಳೂ ಹಿತ. ಮೊಸರು, ಹಗಲುನಿದ್ರೆ, ಮಂಜಿಗೆ ಮೈಯೊಡ್ಡುವುದು ಅಹಿತ ಎಂಬುದು ಋತುಚರ್ಯೆಯ ವಿಧಿ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾವು ಕಳೆದ ವರ್ಷ ಭೂಮಿ ಹುಣ್ಣಿಮೆಯ ಸಮಯಕ್ಕೆ ದಾವಣಗೆರೆಯಿಂದ ತೀರ್ಥಹಳ್ಳಿ ಸೀಮೆಗೆ ಹೊರಟೆವು. ಅಡಕೆ ತೋಟದ ನಡುವಿನ ಹೋಂಸ್ಟೇಯೊಂದರಲ್ಲಿ ನಾಲ್ಕು ದಿನ ತಂಗುವ ಯೋಚನೆ. ಜೊತೆಯಲ್ಲಿ 72 ವರ್ಷದ ನಮ್ಮ ತಾಯಿಯವರು, ಮಗ ಹಾಗೂ ಸೊಸೆ ಇದ್ದರು. ಕೆಳದಿಯ ಅರಸರ ಕವಲೇದುರ್ಗವನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬುದು ತಾಯಿಯವರ ಬಹುದಿನಗಳ ಆಸೆಯಾಗಿತ್ತು.

ಮನೆ ಹೊಸದು, ಅಚ್ಚುಕಟ್ಟಾದುದು. ತಾರಸಿಯ ಛಾವಣಿ, ಬಿಗಿಯಾದ ಗಾಜಿನ ಕಿಟಕಿಗಳು, ಕೋಣೆಗೆ ಹೊಂದಿಕೊಂಡ ಪುಟ್ಟ ಸ್ನಾನದ ಮನೆ. ಅದರೊಳಗೇ ಗೋಡೆಗೆ ಗ್ಯಾಸ್ ಗೀಸರ್ ಅಳವಡಿಸಿದ್ದರು. ಮಂಜು ಒಳನುಗ್ಗಬಾರದೆಂದು ಸಂಜೆಯಾಗುತ್ತಲೇ ನಾವು ಎಲ್ಲ ಕಿಟಕಿಗಳನ್ನೂ ಮುಚ್ಚಿದೆವು. ಒಬ್ಬರಾದ ಮೇಲೊಬ್ಬರು ಬಿಸಿನೀರಿನ ಸ್ನಾನ ಮಾಡಿದೆವು. ಆ ರಾತ್ರಿ ನಮ್ಮೆಲ್ಲರಿಗೂ ಸಣ್ಣಗೆ ತಲೆನೋವು; ಸೊಸೆಗೆ ವಾಕರಿಕೆ. ತಿರುವು ರಸ್ತೆಯ ಆಯಾಸವೆಂದುಕೊಂಡೆವು. ಮರುದಿನ ಕೋಟೆಯ ಮೆಟ್ಟಿಲುಗಳನ್ನು ಏರಿ ಇಳಿದರೂ ಯಾರಿಗೂ ತಲೆನೋವಿರಲಿಲ್ಲ. ಸಂಜೆ ಸ್ನಾನವಾದ ಮೇಲೆ ಅದು ಮತ್ತೆ ಮರಳಿತು. ಹೊರಗಿದ್ದಾಗ ಇಲ್ಲದ ನೋವು ಮನೆಯೊಳಗೆ ಮಾತ್ರ ಏಕೆ ಬರುತ್ತದೆಂಬ ಪ್ರಶ್ನೆ ನಮಗೆ ಹೊಳೆಯಲೇ ಇಲ್ಲ.

ಮೂರನೆಯ ದಿನ ಭೂಮಿ ಹುಣ್ಣಿಮೆ. ಮನೆಯ ಯಜಮಾನರು ಇರುಳೆಲ್ಲ ಅಡುಗೆ ಮಾಡಿ, ಬೆಳಗಾಗುವ ಮೊದಲೇ ಗದ್ದೆಗೆ ಎಡೆ ಕೊಂಡೊಯ್ದಿದ್ದರು. ಆ ಪೂಜೆಯನ್ನು ನೋಡುವ ಆಸೆಯಿಂದ ತಾಯಿಯವರು ಐದು ಗಂಟೆಗೇ ಎದ್ದರು. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ಗದ್ದೆಗೆ ಹೋಗೋಣವೆಂದರು. ಅರ್ಧ ಗಂಟೆ ಕಳೆದರೂ ಅವರು ಹೊರಬರಲಿಲ್ಲ. ನೀರು ಸುರಿಯುವ ಸದ್ದು ಕೇಳುತ್ತಲೇ ಇತ್ತು. "ಅಜ್ಜಿ, ಅಜ್ಜಿ" ಎಂದು ಮಗ ಎಷ್ಟು ಕೂಗಿದರೂ ಉತ್ತರವಿಲ್ಲ. ಒಳಗಿನ ಚಿಲಕ ಕಿತ್ತುಬರುವಂತೆ ಬಾಗಿಲನ್ನು ಒದ್ದು ತೆರೆದಾಗ ತಾಯಿಯವರು ಗೋಡೆಗೊರಗಿ ಕುಸಿದಿದ್ದರು.

ಮೊದಲು ಅವರನ್ನು ಎತ್ತಿ ಅಂಗಳದ ಗಾಳಿಗೆ ತಂದೆವು. ಉಸಿರಾಟವಿತ್ತು, ಎಚ್ಚರವಿರಲಿಲ್ಲ. ಮೈಗೆ ಕಂಬಳಿ ಹೊದಿಸಿ, ನಮ್ಮ ಕಾರಿನಲ್ಲಿಯೇ ತೀರ್ಥಹಳ್ಳಿಯ ಆಸ್ಪತ್ರೆಗೆ ಸಾಗಿಸಿದೆವು. ದಾರಿಯಲ್ಲಿ ಕಿಟಕಿಗಳೆಲ್ಲ ತೆರೆದಿದ್ದವು. ಮಂಜಿನ ಭಯ ಆಗ ಯಾರಿಗೂ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವರು ನರಳಿದರು. ಆ ನರಳುವಿಕೆಯೇ ನಮಗೆ ಧೈರ್ಯ ನೀಡಿತು.

ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 98 ಎಂದು ತೋರಿಸಿತು. ಆಮ್ಲಜನಕ ಸಾಕಷ್ಟಿದೆಯಲ್ಲ ಎಂದು ನಾವು ನಿಟ್ಟುಸಿರು ಬಿಟ್ಟೆವು. ವೈದ್ಯರು ಮಾತ್ರ ಆ ಅಂಕಿಯನ್ನು ನಂಬಲಿಲ್ಲ. "ನೀರು ಕಾಯಿಸಿದ್ದು ಹೇಗೆ?" ಎಂಬುದೇ ಅವರ ಮೊದಲ ಪ್ರಶ್ನೆ. ಉತ್ತರ ಕೇಳಿದೊಡನೆ ಮುಖಕ್ಕೆ ಮಾಸ್ಕ್ ತೊಡಿಸಿ ಆಮ್ಲಜನಕ ನೀಡತೊಡಗಿದರು. ಬಳಿಕ ಸುಮಾರು 60 ಕಿ.ಮೀ. ದೂರದ ಶಿವಮೊಗ್ಗಕ್ಕೆ ಕಳುಹಿಸಿದರು. ಅಲ್ಲಿನ ರಕ್ತಪರೀಕ್ಷೆಯಲ್ಲಿ ಅವರ ಸಂದೇಹ ನಿಜವಾಯಿತು. ಅದು ಕಾರ್ಬನ್ ಮಾನಾಕ್ಸೈಡ್ ವಿಷಪ್ರಾಶನ.

ಈ ವಿಷ ಹುಟ್ಟುವ ಬಗೆ

ಗ್ಯಾಸ್, ಇದ್ದಿಲು, ಸೌದೆ ಯಾವುದೇ ಇರಲಿ, ಸಾಕಷ್ಟು ಗಾಳಿ ದೊರೆಯದೆ ಅರೆಬರೆಯಾಗಿ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆ ಅನಿಲ ಸೋರಿದರೆ ಅದಕ್ಕೆ ಬೆರೆಸಿದ ದುರ್ಗಂಧವು ಎಚ್ಚರಿಸುತ್ತದೆ. ಉರಿದ ಮೇಲೆ ಹುಟ್ಟುವ ಈ ವಿಷಕ್ಕೆ ಅಂಥ ಸೂಚನೆಯೇ ಇಲ್ಲ. ಇದು ರಕ್ತದ ಹಿಮೋಗ್ಲೋಬಿನ್‌ನೊಂದಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಬೆಸೆದುಕೊಳ್ಳುತ್ತದೆ. ಹೀಗಾಗಿ ಉಸಿರಾಡುತ್ತಿದ್ದರೂ ಮೆದುಳಿಗೆ, ಹೃದಯಕ್ಕೆ ಆಮ್ಲಜನಕ ತಲುಪುವುದಿಲ್ಲ. ಸಾಮಾನ್ಯ ಆಕ್ಸಿಮೀಟರ್‌ಗೆ ಈ ಎರಡರ ಭೇದ ತಿಳಿಯದು. ಅದಕ್ಕೇ ಅದು ಸುಳ್ಳು ಧೈರ್ಯ ಹೇಳಿತು. ಬರಿಯ ಗಾಳಿಯಲ್ಲಿ ರಕ್ತದಲ್ಲಿನ ಈ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ನೀಡಿದರೆ ಒಂದು, ಒಂದೂವರೆ ಗಂಟೆ ಸಾಕು.

ಹಳೆಯ ಮಲೆನಾಡಿನ ಬಚ್ಚಲಿನಲ್ಲಿಯೂ ಹಂಡೆಯ ಒಲೆ ಉರಿಯುತ್ತಿತ್ತಲ್ಲ ಎಂದು ಕೇಳಬಹುದು. ಅಲ್ಲಿ ಹೆಂಚಿನ ಸಂದುಗಳಿಂದ ಗಾಳಿಯಾಡುತ್ತಿತ್ತು. ಹೊಗೆ ಕಣ್ಣುರಿಸಿ ಎಚ್ಚರಿಸುತ್ತಿತ್ತು. ಇಂದಿನ ಬಿಗಿಯಾದ ಸ್ನಾನದ ಮನೆಗಳಲ್ಲಿ ಆ ಎರಡೂ ಇಲ್ಲ.

ನಾವು ಕಲಿತ ಪಾಠ

ತಂಗುವ ಮನೆಯನ್ನು ಗೊತ್ತುಪಡಿಸುವಾಗಲೇ ನೀರು ಕಾಯಿಸುವ ಬಗೆಯನ್ನು ಕೇಳಿ ತಿಳಿಯಬೇಕು. ಗ್ಯಾಸ್ ಗೀಸರ್ ಇದ್ದರೆ ಅದು ಸ್ನಾನದ ಮನೆಯ ಹೊರಗೆ, ಗಾಳಿಯಾಡುವ ಜಾಗದಲ್ಲಿರಬೇಕು. ಒಳಗೇ ಇದ್ದರೆ, ಬಾಗಿಲು ಕಿಟಕಿ ತೆರೆದಿಟ್ಟು ಬಕೆಟ್ಟಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಲು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗಬೇಕು. ಉರಿ ನೀಲಿಯಾಗಿರದೆ ಹಳದಿಯಾಗಿದ್ದರೆ ಬಳಸಲೇಬಾರದು. ಚಳಿಯೆಂದು ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯಲ್ಲಿರಿಸುವುದೂ ಅಷ್ಟೇ ಅಪಾಯಕರ. ವೃದ್ಧರು, ಮಕ್ಕಳು, ಗರ್ಭಿಣಿಯರು ಹಾಗೂ ಹೃದ್ರೋಗಿಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಲಿ.

ಜ್ವರವಿಲ್ಲದೆ ಮನೆಮಂದಿಗೆಲ್ಲ ಏಕಕಾಲದಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ ಕಾಣಿಸಿ, ಹೊರಗೆ ಹೋದಾಗ ಕಡಿಮೆಯಾದರೆ ಈ ವಿಷವನ್ನು ಸಂದೇಹಿಸಬೇಕು. ಯಾರಾದರೂ ಕುಸಿದರೆ ಮೊದಲು ಅವರನ್ನು ಬಯಲಿಗೆ ತಂದು 108ಕ್ಕೆ ಕರೆ ಮಾಡಬೇಕು. ಚೇತರಿಸಿಕೊಂಡರೂ ಆಸ್ಪತ್ರೆಗೆ ಹೋಗಲೇಬೇಕು. ಮರೆವು, ಮಂಕುತನಗಳು ಕೆಲವು ವಾರಗಳ ನಂತರವೂ ತಲೆದೋರಬಹುದು.

ತಾಯಿಯವರು ಮೂರನೆಯ ದಿನ ಮನೆಗೆ ಮರಳಿದರು. ಹೋಂಸ್ಟೇಯ ಯಜಮಾನರು ಕಣ್ಣೀರು ತುಂಬಿಕೊಂಡು ನೋಡಲು ಬಂದಿದ್ದರು. ಅರಿಯದೆ ಆದ ತಪ್ಪು ಅದು. ಆ ವಾರವೇ ಗೀಸರನ್ನು ಹೊರಗೋಡೆಗೆ ಸ್ಥಳಾಂತರಿಸಿದರೆಂದು ತಿಳಿಸಿದರು. ಈ ವರ್ಷ ಗದ್ದೆಯ ಪೂಜೆಯನ್ನು ನೋಡಿಯೇ ಬರೋಣವೆಂದು ತಾಯಿಯವರು ಈಗಲೇ ಹೇಳುತ್ತಿದ್ದಾರೆ. ಹೋಗುತ್ತೇವೆ. ಇರುಳು ಮಂಜು ಬಿದ್ದರೂ ಸರಿ, ಒಂದು ಕಿಟಕಿಯನ್ನು ತೆರೆದೇ ಇಡುತ್ತೇವೆ.