ನಮ್ಮನ್ನು ಓದುವ ಯಂತ್ರ

ಬೆಂಗಳೂರಿನ ದಕ್ಷಿಣ ದಿಕ್ಕಿಗೆ ಕನಕಪುರ ರಸ್ತೆಯಲ್ಲಿರುವ ಕೋಣನಕುಂಟೆಯು ಕೆಲವು ದಶಕಗಳ ಹಿಂದೆ ಹಳ್ಳಿಯೇ ಆಗಿತ್ತು. ಕುಂಟೆಯೆಂದರೆ ಸಣ್ಣ ಕೊಳ. ಆ ಗ್ರಾಮಜೀವನದ ಗುರುತನ್ನು ಈಗ ಊರಿನ ಹೆಸರು ಹೇಳುತ್ತಿದೆ. ನಗರವು ಬೆಳೆದು ಹಳ್ಳಿಯನ್ನು ತನ್ನೊಳಗೆ ಸೇರಿಸಿಕೊಂಡಿತು. 2021ನೆಯ ಜನವರಿ 14ರಂದು ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗಿನ ಮೆಟ್ರೋ ಮಾರ್ಗವು ಉದ್ಘಾಟನೆಯಾಯಿತು; ಕೋಣನಕುಂಟೆ ಕ್ರಾಸಿನಲ್ಲಿಯೂ ಒಂದು ನಿಲ್ದಾಣವಾಯಿತು. 2024ನೆಯ ನವೆಂಬರಿನಲ್ಲಿ ಅದೇ ಹಸಿರು ಮಾರ್ಗವು ಉತ್ತರದ ಮಾದಾವರವನ್ನು ಮುಟ್ಟಿತು. ಹೀಗೆ ಕೋಣನಕುಂಟೆಯಲ್ಲಿ ಹತ್ತಿದವನು ತುಮಕೂರು ರಸ್ತೆಯ ಮಾದಾವರದವರೆಗೆ ಒಂದೇ ಗಾಡಿಯಲ್ಲಿ ಹೋಗಬಲ್ಲವನಾದನು. ಇದು ಸಂತೋಷದ ಸಂಗತಿ. ಆದರೆ ನಾವು ಇಂದು ವಾಚಕರ ಗಮನಕ್ಕೆ ತರಬಯಸುವುದು ರೈಲಿನ ವಿಷಯವನ್ನಲ್ಲ. ರೈಲಿನೆಡೆಗೆ ಹೋಗಲು ದಾಟಬೇಕಾದ ಗೇಟಿನ ವಿಷಯವನ್ನು.

ಬೆಳಗಿನ ವೇಳೆ ಆ ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತು ನೋಡಬೇಕು. ಕಛೇರಿಯ ಗುಮಾಸ್ತರು, ಕಾಲೇಜಿನ ವಿದ್ಯಾರ್ಥಿಗಳು, ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೊರಟ ವ್ಯಾಪಾರಿಗಳು ಸಾಲಾಗಿ ಬರುತ್ತಾರೆ. ಒಬ್ಬರು ಬಿಲ್ಲೆಯಂಥ ಟೋಕನ್ನನ್ನೂ ಮತ್ತೊಬ್ಬರು ಕಾರ್ಡನ್ನೂ ಗೇಟಿನ ಮೇಲಿನ ಫಲಕಕ್ಕೆ ತಾಗಿಸಿದಂತೆ ಮಾಡುತ್ತಾರೆ. ರೆಪ್ಪೆ ಬಡಿಯುವಷ್ಟರಲ್ಲಿ ಗೇಟು ತೆರೆದುಕೊಳ್ಳುತ್ತದೆ. ಟಿಕೇಟನ್ನು ತೂತು ಮಾಡುವವರಿಲ್ಲ, ಚಿಲ್ಲರೆಯ ಜಗಳವಿಲ್ಲ. ಆ ಕ್ಷಣದಲ್ಲಿ ಪ್ರಯಾಣಿಕನನ್ನು ಓದಿ, ಒಳಗೆ ಬಿಡಬಹುದೆಂದು ತೀರ್ಪು ಕೊಡುವುದು ಫಲಕದ ಹಿಂದೆ ಅಡಗಿರುವ, ಬೆರಳಿನ ಉಗುರಿಗಿಂತ ದೊಡ್ಡದಲ್ಲದ ಒಂದು ಚಿಪ್ಪು. ಅದಕ್ಕೆ ರೀಡರ್ ಚಿಪ್ ಎಂದು ಹೆಸರು. ನಮ್ಮನ್ನು ದಿನಕ್ಕೆ ನಾಲ್ಕಾರು ಬಾರಿ ಓದುವ ಈ ಯಂತ್ರವನ್ನು ನಾವು ಓದಬಲ್ಲೆವೇ? ಇದೇ ನಮ್ಮ ಪ್ರಶ್ನೆ.

ಉತ್ತರ ಹೇಳುವುದಕ್ಕೆ ಮುಂಚೆ ಯಂತ್ರದ ಕೆಲಸವನ್ನು ತಿಳಿಯಬೇಕು. ಟೋಕನ್ನಿನೊಳಗೆ ಬ್ಯಾಟರಿಯಿಲ್ಲ. ತೆಳ್ಳನೆಯ ತಂತಿಯ ಒಂದು ಸುರುಳಿ, ಅದರ ತುದಿಗೆ ಸಾಸಿವೆಯಷ್ಟು ಚಿಪ್ಪು, ಇಷ್ಟೇ. ಗೇಟಿನಲ್ಲಿರುವ ರೀಡರು ತನ್ನ ಸುರುಳಿಯಿಂದ ಸೆಕೆಂಡಿಗೆ 1 ಕೋಟಿ 35 ಲಕ್ಷ 60 ಸಾವಿರ ಸಲ ಕಂಪಿಸುವ ಕಾಂತಕ್ಷೇತ್ರವನ್ನು ಹೊರಡಿಸುತ್ತಿರುತ್ತದೆ. ಟೋಕನ್ನು ಹತ್ತಿರ ಬಂದ ಕೂಡಲೆ ಆ ಕ್ಷೇತ್ರವೇ ಅದರ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸಿ, ಮಲಗಿದ್ದ ಚಿಪ್ಪನ್ನು ಎಬ್ಬಿಸುತ್ತದೆ. ಎಚ್ಚೆತ್ತ ಚಿಪ್ಪು ತಾನು ಹೀರುವ ಶಕ್ತಿಯನ್ನು ತುಸು ಹೆಚ್ಚುಕಡಿಮೆ ಮಾಡುತ್ತ, ಆ ಏರಿಳಿತದಲ್ಲಿಯೇ ತನ್ನ ಸಂಖ್ಯೆಯನ್ನು ಹೇಳುತ್ತದೆ. ತಾನೇ ಎಬ್ಬಿಸಿದ ದೊಡ್ಡ ಅಲೆಯ ನಡುವೆ ಈ ಪಿಸುಮಾತನ್ನು ಹೆಕ್ಕಿ ಕೇಳುವುದು ರೀಡರಿನ ಕೌಶಲ. ಎರಡು ಕಾರ್ಡುಗಳು ಒಟ್ಟಿಗೆ ಮಾತನಾಡಿದರೆ ಒಂದನ್ನು ಸುಮ್ಮನಿರಿಸಿ ಮತ್ತೊಂದನ್ನು ಕೇಳಬೇಕು. ತಪ್ಪು ಅಕ್ಷರ ಬಂದರೆ ಗುರುತಿಸಬೇಕು. ಕಾರ್ಡು ಅಸಲೋ ನಕಲೋ ಎಂಬುದನ್ನು ಗುಪ್ತ ಲೆಕ್ಕದಿಂದ ಪರೀಕ್ಷಿಸಬೇಕು. ಇಷ್ಟೂ ನಡೆಯುವುದು ಸುಮಾರು 4 ಅಂಗುಲದ ಅಂತರದೊಳಗೆ, ಒಂದು ಸೆಕೆಂಡಿನ ಒಂದು ಪಾಲಿನಲ್ಲಿ. ಹಿಂದೆ ಬೇರೆ ಬೇರೆ ಭಾಗಗಳನ್ನು ಹಲಗೆಯ ಮೇಲೆ ಜೋಡಿಸಿ ಮಾಡುತ್ತಿದ್ದ ಈ ಕೆಲಸವೆಲ್ಲ ಒಂದೇ ಚಿಪ್ಪಿನಲ್ಲಿ ಅಡಗಿದುದರಿಂದಲೇ ರೀಡರು ಅಗ್ಗವಾಯಿತು. ನಿಲ್ದಾಣಕ್ಕೂ ಅಂಗಡಿಗೂ ಜೇಬಿನ ಟೆಲಿಫೋನಿಗೂ ಬಂದಿತು. ಹೆದ್ದಾರಿಯ ಸುಂಕದ ಕಟ್ಟೆಯಲ್ಲಿ ಫಾಸ್ಟ್ಯಾಗನ್ನು ದೂರದಿಂದ ಓದುವುದು ಇದರ ದಾಯಾದಿ ವಿದ್ಯೆ. ಅಲೆ ಬೇರೆ, ತತ್ತ್ವ ಒಂದೇ. ಆ ವರ್ಗದ ರೀಡರಿನ ಬಹುಭಾಗವನ್ನು ಇಂಟೆಲ್ ಕಂಪನಿಯು 2007ರಲ್ಲಿ ಒಂದು ಚಿಪ್ಪಿಗೆ ಇಳಿಸಿತು.

ಈ ವಿದ್ಯೆಯು ನಮಗೆ ಅಪರಿಚಿತವೆಂದು ಯಾರೂ ಭಾವಿಸಬೇಕಾಗಿಲ್ಲ. ಪ್ರತಿಫಲಿಸಿದ ರೇಡಿಯೋ ಶಕ್ತಿಯಿಂದ ಸಂದೇಶ ಕಳುಹಬಹುದೆಂದು ಹ್ಯಾರಿ ಸ್ಟಾಕ್‌ಮನ್ ಎಂಬವರು ಅಮೆರಿಕದ ರೇಡಿಯೋ ಎಂಜಿನಿಯರುಗಳ ಪತ್ರಿಕೆಯಲ್ಲಿ ಬರೆದುದು 1948ರಲ್ಲಿ. ಅದಕ್ಕೆ ಅರ್ಧ ಶತಮಾನದ ಹಿಂದೆಯೇ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ರೇಡಿಯೋ ಅಲೆಗಳನ್ನು ಗೋಡೆಯಾಚೆಗೆ ಹಾಯಿಸಿ ತೋರಿಸಿದ್ದರು. ಸೀಸದ ಅದಿರಿನ ಹರಳಿನಿಂದ ಆ ಅಲೆಗಳನ್ನು ಗ್ರಹಿಸುವ ಸಾಧನಕ್ಕೆ ಅಮೆರಿಕವು 1904ರಲ್ಲಿ ಅವರಿಗೆ ಹಕ್ಕುಪತ್ರ ಕೊಟ್ಟಿತು. ಹರಳಿನಿಂದ ರೇಡಿಯೋವನ್ನು ಕೇಳಲು ಜಗತ್ತಿಗೆ ಮೊದಲು ಕಲಿಸಿದವರ ಸಾಲಿನಲ್ಲಿದ್ದ ದೇಶವು, ಇಂದು ಅದೇ ಕೆಲಸ ಮಾಡುವ ಸಿಲಿಕಾನ್ ಹರಳಿಗಾಗಿ ಪರರ ಬಾಗಿಲನ್ನು ಕಾಯುತ್ತಿದೆ.

ಇದಕ್ಕೆ ಬುದ್ಧಿಯ ಕೊರತೆ ಕಾರಣವೇ? ಎಂದಿಗೂ ಅಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಕಂಪನಿಯು 1985ರಲ್ಲಿ ಬೆಂಗಳೂರಿಗೆ ಬಂದು ಸಂಶೋಧನಾಲಯವನ್ನು ತೆರೆಯಿತು. ಅದರ ಹಿಂದೆಯೇ ಇತರ ಕಂಪನಿಗಳೂ ಬಂದವು. ರೀಡರ್ ಚಿಪ್ಪುಗಳನ್ನು ಮಾರುವ ನೆದರ್‌ಲೆಂಡ್ಸಿನ ಎನ್‌ಎಕ್ಸ್‌ಪಿ ಕಂಪನಿಯೂ ಅವುಗಳಲ್ಲಿ ಒಂದು. ನಮ್ಮ ತರುಣರು ಈ ಊರಿನಲ್ಲಿಯೇ ಕುಳಿತು ಚಿಪ್ಪುಗಳ ನಕ್ಷೆಗಳನ್ನು ಬರೆಯುತ್ತಾರೆ. ನಕ್ಷೆಯು ಹೊರದೇಶದ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ಚಿಪ್ಪಾಗಿ, ಅನ್ಯರ ಮುದ್ರೆಯನ್ನು ಹೊತ್ತು, ಅನ್ಯರು ಕಟ್ಟಿದ ಬೆಲೆಗೆ ನಮ್ಮಲ್ಲಿಗೆ ಮರಳುತ್ತದೆ.

ಹಳೆಯ ಮೈಸೂರಿನ ಜನರಿಗೆ ಈ ಕಥೆಯು ಹೊಸತಲ್ಲ. ಒಂದಾನೊಂದು ಕಾಲದಲ್ಲಿ ನಮ್ಮ ಕಾಡಿನ ಶ್ರೀಗಂಧದ ಕೊರಡುಗಳು ಹಡಗನ್ನೇರಿ ಯೂರೋಪಿಗೆ ಹೋಗುತ್ತಿದ್ದವು. ಎಣ್ಣೆ ತೆಗೆಯುವವರು ಅವರು, ಲಾಭವೂ ಅವರದು. 1914ರಲ್ಲಿ ಮಹಾಯುದ್ಧವು ಹುಟ್ಟಿ ಆ ವ್ಯಾಪಾರವು ನಿಂತುಹೋದಾಗ, ಕೊರಡುಗಳು ಇಲ್ಲಿಯೇ ರಾಶಿಬಿದ್ದವು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವೂ ದಿವಾನ್ ವಿಶ್ವೇಶ್ವರಯ್ಯನವರೂ ಕೈಕಟ್ಟಿ ಕೂರಲಿಲ್ಲ. 1916ರಲ್ಲಿ ಗಂಧದೆಣ್ಣೆಯನ್ನು ಸಂಸ್ಥಾನದಲ್ಲಿಯೇ ತೆಗೆಯುವ ಕೆಲಸಕ್ಕೆ ಸರ್ಕಾರವೇ ಮುಂದಾಯಿತು. ಅದರ ಬೆನ್ನಿಗೆ ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿತು. ಪರಾವಲಂಬನದ ಅಪಾಯವನ್ನು ಯುದ್ಧವು ತೋರಿಸಿಕೊಟ್ಟಿತು. ಪಾಠವನ್ನು ಕಲಿಯುವ ವಿವೇಕವು ನಮ್ಮಲ್ಲಿತ್ತು. 2020ರಿಂದ 2022ರವರೆಗೆ ಜಗತ್ತಿಗೆ ಚಿಪ್ಪಿನ ಬರಗಾಲವು ಬಂದು, ಮೋಟಾರು ಕಾರ್ಖಾನೆಗಳು ಕೆಲಸ ನಿಲ್ಲಿಸಬೇಕಾದುದು ಅದೇ ಪಾಠದ ಎರಡನೆಯ ಆವೃತ್ತಿ.

ಸರ್ಕಾರದವರು ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಮೆಟ್ರೋ ನಿಲ್ದಾಣಗಳಿಗಾಗಿ ‘ಸ್ವಾಗತ್’ ಎಂಬ ಗೇಟನ್ನೂ ‘ಸ್ವೀಕಾರ್’ ಎಂಬ ದರ ವಸೂಲಿಯ ವ್ಯವಸ್ಥೆಯನ್ನೂ ರೂಪಿಸಿತು. ಒಂದೇ ಕಾರ್ಡಿನಲ್ಲಿ ದೇಶದ ಎಲ್ಲ ವಾಹನಗಳಲ್ಲಿಯೂ ಸಂಚರಿಸುವ ರಾಷ್ಟ್ರೀಯ ಕಾರ್ಡಿನ ಜೊತೆಗೆ 2019ನೆಯ ಮಾರ್ಚ್ 4ರಂದು ಅಹಮದಾಬಾದಿನಲ್ಲಿ ಪ್ರಧಾನಮಂತ್ರಿಗಳು ಅವುಗಳನ್ನು ಉದ್ಘಾಟಿಸಿದರು. ಅದಕ್ಕೆ ಮುಂಚೆ ಹೊರದೇಶದ ಕಂಪನಿಗಳನ್ನೇ ನೆಚ್ಚಿದ್ದ ಈ ಕೆಲಸವನ್ನು ಕನ್ನಡನಾಡಿನ ಸಂಸ್ಥೆಯೊಂದು ಕೈಗೆತ್ತಿಕೊಂಡುದು ಹೆಮ್ಮೆಯ ವಿಷಯ. ಆದರೆ ಗೇಟು ಸ್ವದೇಶಿಯಾದ ಮಾತ್ರಕ್ಕೆ ಕೆಲಸ ಮುಗಿಯದು. ಗೇಟು ಬಾಗಿಲು, ಚಿಪ್ಪು ಬೀಗ. ಬೀಗವನ್ನು ಹೊರಗಿನಿಂದ ತಂದವನು, ಅದು ಹೇಗೆ ತೆರೆಯುತ್ತದೆಂಬುದನ್ನು ಮಾರಿದವನ ಮಾತಿನ ಮೇಲೆ ನಂಬಬೇಕಾಗುತ್ತದೆ.

ಹಾಗೆ ನಂಬಿದವರ ಅವಸ್ಥೆಯೇನಾಯಿತೆಂಬುದಕ್ಕೆ ನೆದರ್‌ಲೆಂಡ್ಸೇ ಸಾಕ್ಷಿ. 1994ರಲ್ಲಿ ಮಾರುಕಟ್ಟೆಗೆ ಬಂದ ಮೈಫೇರ್ ಕ್ಲಾಸಿಕ್ ಎಂಬ ಚಿಪ್ಪು ಲಂಡನ್ನಿನ ಆಯ್‌ಸ್ಟರ್ ಕಾರ್ಡಿನಲ್ಲಿಯೂ ಡಚ್ಚರ ಸಾರಿಗೆ ಕಾರ್ಡಿನಲ್ಲಿಯೂ ನೆಲೆಸಿತ್ತು. ಅದರ ಗುಪ್ತ ಲೆಕ್ಕದ ಕ್ರಮವನ್ನು ಕಂಪನಿಯು ಯಾರಿಗೂ ತೋರಿಸಿರಲಿಲ್ಲ; ಗುಟ್ಟೇ ಕಾವಲೆಂದು ನಂಬಿತ್ತು. 2007ರ ಕೊನೆಯಲ್ಲಿ ಜರ್ಮನಿಯ ಇಬ್ಬರು ಸಂಶೋಧಕರು ಚಿಪ್ಪನ್ನು ಪದರ ಪದರವಾಗಿ ಸವೆಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಆ ಕ್ರಮವನ್ನು ಬಹುಮಟ್ಟಿಗೆ ಹೊರಗೆಳೆದರು. 2008ರಲ್ಲಿ ನೈಮೇಗನ್ನಿನ ವಿಶ್ವವಿದ್ಯಾನಿಲಯದವರು ಕಾರ್ಡನ್ನು ನಕಲು ಮಾಡಬಹುದೆಂದು ತೋರಿಸಿದರು. ಅವರ ಲೇಖನವನ್ನು ತಡೆಯಬೇಕೆಂದು ಕಂಪನಿಯು ನ್ಯಾಯಾಲಯದ ಮೆಟ್ಟಿಲೇರಿತು. ನ್ಯಾಯಾಲಯವು ಒಪ್ಪಲಿಲ್ಲ; ದೋಷವು ಚಿಪ್ಪಿನದೇ ಹೊರತು ಅದನ್ನು ಹೇಳಿದವರದಲ್ಲವೆಂಬುದೇ ತೀರ್ಪಿನ ಸಾರ. ನಮ್ಮ ನಗರದ ಟೋಕನ್ನಿನಲ್ಲಿ ಆ ದೋಷವಿದೆಯೆಂದು ನಾವು ಹೇಳುತ್ತಿಲ್ಲ. ಹತ್ತಾರು ಜನ ತಜ್ಞರು ಬಿಚ್ಚಿ ನೋಡಿ ಪರೀಕ್ಷಿಸಿದ ಬೀಗವೇ ಗಟ್ಟಿಯಾದ ಬೀಗವೆಂಬುದನ್ನು ಹೇಳುತ್ತಿದ್ದೇವೆ. ಹಾಗೆ ಬಿಚ್ಚಿ ನೋಡುವ ಹಕ್ಕೂ ವಿದ್ಯೆಯೂ ಕೊಂಡುಕೊಳ್ಳುವವನಿಗೆ ಸುಲಭವಾಗಿ ದೊರೆಯುವುದಿಲ್ಲ. ಮಾಡುವವನಿಗೆ ತಾನಾಗಿ ಬರುತ್ತದೆ.

ಇಲ್ಲಿ ವಿಚಾರವಂತರು ಒಂದು ಆಕ್ಷೇಪವನ್ನು ತರಬಹುದು. ಚಿಪ್ಪಿನ ಕಾರ್ಖಾನೆಗೆ ಅಪಾರ ಹಣ ಬೇಕು. ಅಗ್ಗವಾಗಿ ಸಿಕ್ಕುವ ವಸ್ತುವನ್ನು ಅಭಿಮಾನಕ್ಕಾಗಿ ದುಬಾರಿಯಾಗಿ ಮಾಡುವುದೇಕೆ? ಎಂದು. ಆಕ್ಷೇಪವು ಹಗುರವಾದುದಲ್ಲ. ಕೆಟ್ಟ ಚಿಪ್ಪನ್ನು ಸ್ವದೇಶಿಯೆಂಬ ಕಾರಣಕ್ಕೆ ಗೇಟಿನಲ್ಲಿ ಕೂರಿಸಿ, ಬೆಳಗಿನ ಒಂಬತ್ತು ಗಂಟೆಗೆ ಸಾವಿರ ಜನರನ್ನು ತಡೆದು ನಿಲ್ಲಿಸುವುದು ದೇಶಸೇವೆಯಲ್ಲ. ಆದರೆ ಎಲ್ಲ ಚಿಪ್ಪುಗಳೂ ಒಂದೇ ಜಾತಿಯವಲ್ಲ. ಹೊಸ ಟೆಲಿಫೋನಿನ ಮಿದುಳಿಗೆ ಬೇಕಾದ ಅತಿಸೂಕ್ಷ್ಮವಾದ ಗೆರೆಗಳು ರೀಡರಿಗೆ ಬೇಕಾಗಿಲ್ಲ. ಹಿಂದಿನ ತಲೆಮಾರಿನ ಕಾರ್ಖಾನೆಯೂ ಇದಕ್ಕೆ ಸಾಕು. ಮೊಹಾಲಿಯಲ್ಲಿ ಸರ್ಕಾರವೇ 1980ರ ದಶಕದಲ್ಲಿ ಸ್ಥಾಪಿಸಿದ ಚಿಪ್ಪಿನ ಕಾರ್ಖಾನೆಯು 1989ರ ಬೆಂಕಿಯಲ್ಲಿ ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟುವಷ್ಟರಲ್ಲಿ ಜಗತ್ತು ಬಹಳ ಮುಂದೆ ಹೋಗಿತ್ತು. ಆದರೂ ಮದರಾಸಿನ ಐಐಟಿಯವರು ರೂಪಿಸಿದ ‘ಶಕ್ತಿ’ ಮಾಲೆಯ ಒಂದು ಸಂಸ್ಕಾರಕವನ್ನು 2018ರಲ್ಲಿ ಅದೇ ಮೊಹಾಲಿಯಲ್ಲಿ, ಅದರ 180 ನ್ಯಾನೋಮೀಟರಿನ ಹಳೆಯ ಕ್ರಮದಲ್ಲಿಯೇ, ಮಾಡಿ ತೋರಿಸಲಾಯಿತು. ಚಿಪ್ಪಿನ ಉದ್ಯಮಕ್ಕಾಗಿ ಕೇಂದ್ರ ಸರ್ಕಾರವು 2021ರ ಡಿಸೆಂಬರಿನಲ್ಲಿ 76,000 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2024ರಲ್ಲಿ ಗುಜರಾತಿನ ಧೋಲೇರಾದ ಕಾರ್ಖಾನೆಗೆ ಮಂಜೂರಾತಿ ದೊರೆಯಿತು. ಅತಿ ಕಠಿಣವಾದುದನ್ನು ಮೊದಲು ಹಿಡಿದು ಸೋಲುವುದಕ್ಕಿಂತ, ಕೈಗೆ ನಿಲುಕುವುದನ್ನು ಮೊದಲು ಸಾಧಿಸುವುದು ಜಾಣತನ. ಮೆಟ್ರೋ ಗೇಟುಗಳು, ಸುಂಕದ ಕಟ್ಟೆಗಳು, ಬಸ್ಸುಗಳು, ಪುಸ್ತಕಾಲಯಗಳು, ಕಛೇರಿಯ ಬಾಗಿಲುಗಳು, ಇವೆಲ್ಲಕ್ಕೂ ರೀಡರು ಬೇಕು. ಗಿರಾಕಿಯು ಬಹುಮಟ್ಟಿಗೆ ಸರ್ಕಾರವೇ ಆಗಿರುವಾಗ, ಮಾರುಕಟ್ಟೆಯಿಲ್ಲವೆಂಬ ಮಾತು ಒಪ್ಪತಕ್ಕದ್ದಲ್ಲ.

ಇನ್ನೊಂದು ಮಾತನ್ನು ಅಧಿಕಾರಿವರ್ಗಕ್ಕೆ ವಿನಯದಿಂದಲೂ ಸ್ಪಷ್ಟವಾಗಿಯೂ ಹೇಳಬೇಕಾಗಿದೆ. ಚಿಪ್ಪು ನಮ್ಮದಾದ ಮೇಲೆ ಅದು ನಮ್ಮ ಮೇಲೆಯೇ ಬೇಹುಗಾರನಾಗಬಾರದು. ಇಂಥ ಕಾರ್ಡು ಇಷ್ಟು ಹೊತ್ತಿಗೆ ಕೋಣನಕುಂಟೆಯಲ್ಲಿ ಒಳಹೊಕ್ಕು, ಇಷ್ಟು ಹೊತ್ತಿಗೆ ಮೆಜೆಸ್ಟಿಕ್ಕಿನಲ್ಲಿ ಹೊರಬಂದಿತೆಂಬ ಲೆಕ್ಕವು ದರ ಕಡಿಯುವುದಕ್ಕೆ ಅವಶ್ಯಕ. ಅದನ್ನೇ ವರ್ಷಗಟ್ಟಲೆ ಕೂಡಿಟ್ಟು ಹೆಸರಿಗೆ ಜೋಡಿಸಿದರೆ, ಅದು ಪ್ರಜೆಯ ದಿನಚರಿಯಾಗುತ್ತದೆ. ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು 2017ನೆಯ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ಕೊಟ್ಟರು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ದಿವಂಗತ ಕೆ. ಎಸ್. ಪುಟ್ಟಸ್ವಾಮಿಯವರು. ಇಳಿವಯಸ್ಸಿನಲ್ಲಿ ಅವರು ನ್ಯಾಯಾಲಯಕ್ಕೆ ಹೋದುದು ತಮಗಾಗಿ ಅಲ್ಲ. ಆ ತೀರ್ಪು ಹುಟ್ಟಿದ ನಾಡಿನ ಗೇಟುಗಳು ಅದಕ್ಕೆ ಮೊದಲು ತಲೆಬಾಗಬೇಕು. ಹೆಸರು ಕೇಳದೆ ಹಣ ಕೊಟ್ಟವನಿಗೆ ಸಿಕ್ಕುವ ಟೋಕನ್ನಿಗೆ ಈ ದೃಷ್ಟಿಯಿಂದ ದೊಡ್ಡ ಬೆಲೆಯಿದೆ. 2020ನೆಯ ಸೆಪ್ಟೆಂಬರಿನಲ್ಲಿ, ಸಾಂಕ್ರಾಮಿಕದ ತರುವಾಯ ರೈಲುಗಳು ಮತ್ತೆ ಹೊರಟಾಗ, ಟೋಕನ್ನನ್ನು ನಿಲ್ಲಿಸಿ ಕಾರ್ಡಿದ್ದವರನ್ನು ಮಾತ್ರ ಬಿಟ್ಟರು. ಆಗಿನ ಕಾರಣವು ಯೋಗ್ಯವಾಗಿತ್ತು. ಬರಿಯ ಅನುಕೂಲಕ್ಕಾಗಿ ಅದೇ ಶಾಶ್ವತವಾದ ಪದ್ಧತಿಯಾಗುವುದು ತರವಲ್ಲ.

ಆದಕಾರಣ ನಮ್ಮ ಸೂಚನೆಗಳು ಮೂರು. ಸರ್ಕಾರಿ ಹಣದಿಂದ ಕೊಳ್ಳುವ ರೀಡರುಗಳಲ್ಲಿ ಇಂತಿಷ್ಟು ಪಾಲು ನಮ್ಮ ದೇಶದಲ್ಲಿ ರೂಪಿಸಿದ ಚಿಪ್ಪುಗಳಿಗೆ ಮೀಸಲಾಗಲಿ; ಗುಣದಲ್ಲಿ ಮಾತ್ರ ರಿಯಾಯಿತಿ ಬೇಡ. ಎಲ್ಲಿಯದೇ ಆಗಲಿ, ಅದರ ಬೀಗದ ಕ್ರಮವನ್ನು ಬೆಂಗಳೂರಿನ ವಿಜ್ಞಾನ ಸಂಸ್ಥೆಯಂಥ ವಿದ್ಯಾಪೀಠಗಳು ಪರೀಕ್ಷಿಸುವ ಹಕ್ಕು ಕರಾರಿನಲ್ಲಿಯೇ ಸೇರಲಿ. ಪ್ರಯಾಣಿಕನ ಲೆಕ್ಕವನ್ನು ಎಷ್ಟು ದಿನ ಇಡುತ್ತಾರೆ, ಯಾರಿಗೆ ತೋರಿಸುತ್ತಾರೆ ಎಂಬುದನ್ನು ಪ್ರತಿಯೊಂದು ನಿಲ್ದಾಣದಲ್ಲಿಯೂ ಕನ್ನಡದಲ್ಲಿ ಬರೆದು ಹಾಕಲಿ.

ಇವುಗಳಲ್ಲಿ ಯಾವುದೂ ಅಸಾಧ್ಯವಲ್ಲ. ನಕ್ಷೆ ಬರೆಯುವ ತರುಣರು ನಮ್ಮಲ್ಲಿಯೇ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿ ಕನಕಪುರ ರಸ್ತೆಯ ಬಡಾವಣೆಗಳಿಂದ ಇದೇ ಗೇಟನ್ನು ದಾಟಿ ಕೆಲಸಕ್ಕೆ ಹೋಗುವವರು. ತಮ್ಮ ಕೈಯ ಕಾರ್ಡನ್ನು ಓದುವ ಚಿಪ್ಪನ್ನು ತಾವೇ ರೂಪಿಸುವ ಅವಕಾಶವನ್ನು ಅವರಿಗೆ ಕೊಡುವುದು ಸರ್ಕಾರದ ಕೆಲಸ. ಕೊಡಿರೆಂದು ಕೇಳುವುದು ಪ್ರಜೆಗಳ ಕೆಲಸ.